ಬೆಲೆಯುಳ್ಳ ಪತ್ರಗಳ ಮೇಲಣ ಉಬ್ಬುಮುದ್ರೆ ಮತ್ತು ಅದರ ಬೆಳಕಿನ ಗುಣ

೧. ಪ್ರಸ್ತಾವನೆ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ಗಡಿಗೆ ಸಮೀಪವಾಗಿ, ಬೈರಕೂರು ಎಂಬ ಹೋಬಳಿಯ ಊರಿದೆ. ಆ ಸೀಮೆಯ ರೈತರು ಮನೆಯ ಊಟಕ್ಕೆ ರಾಗಿಯನ್ನೂ ಪೇಟೆಯ ಮಾರಾಟಕ್ಕೆ ಟೊಮೆಟೊವನ್ನೂ ಬೆಳೆಯುತ್ತಾರೆ. ಬೆಳೆದ ಹಣ್ಣು ಅದೇ ತಾಲ್ಲೂಕಿನ ವಡ್ಡಹಳ್ಳಿಯ ಮಾರುಕಟ್ಟೆಗೋ ಕೋಲಾರದ ಮಾರುಕಟ್ಟೆಗೋ ಹೋಗುತ್ತದೆ. ಮೂರು ತಿಂಗಳ ದುಡಿಮೆ ಅಲ್ಲಿ ಕೆಲವು ನಿಮಿಷಗಳಲ್ಲಿ ಹರಾಜಾಗಿ, ಎಷ್ಟೋ ವೇಳೆ ಕೆಲವು ಕಾಗದದ ನೋಟುಗಳ ರೂಪವನ್ನು ತಾಳುತ್ತದೆ. ಅದೇ ರೈತನು ಹಣ ಕೂಡಿಸಿ ಒಂದು ಎಕರೆ ಹೊಲವನ್ನು ಕೊಂಡನೆಂದರೆ, ಆ ಹೊಲಕ್ಕೆ ಅವನು ಒಡೆಯನೆಂಬುದಕ್ಕೆ ಆಧಾರವಾಗಿ ನಿಲ್ಲುವುದೂ ಒಂದು ಕಾಗದವೇ.

ಈ ಎರಡು ಕಾಗದಗಳಿಗೂ ಸ್ವಂತವಾದ ಬೆಲೆಯಿಲ್ಲ. ಇವು ನಿಜವಾದವು ಎಂಬ ನಂಬಿಕೆಯೇ ಇವುಗಳ ಬೆಲೆ. ನಂಬಿಕೆ ಸುಳ್ಳಾದರೆ ಆಗುವ ನಷ್ಟವನ್ನು ಹೊರುವವನಾರು ಎಂಬ ಪ್ರಶ್ನೆಯನ್ನು ಮೊದಲೇ ಇಟ್ಟುಕೊಳ್ಳುವುದು ಒಳ್ಳೆಯದು. ರಿಸರ್ವ್ ಬ್ಯಾಂಕಿನ ನಿಯಮದಂತೆ, ಬ್ಯಾಂಕಿನ ಗಲ್ಲೆಯಲ್ಲಿ ಖೋಟಾ ಎಂದು ಗೊತ್ತಾದ ನೋಟನ್ನು ಅಲ್ಲಿಯೇ ವಶಪಡಿಸಿಕೊಂಡು, ಖೋಟಾ ಎಂಬ ಮುದ್ರೆಯನ್ನೊತ್ತಿ, ತಂದವನಿಗೆ ಸ್ವೀಕೃತಿ ಪತ್ರವನ್ನು ಕೊಡತಕ್ಕದ್ದು. ಅದಕ್ಕೆ ಬದಲಾಗಿ ಹಣವನ್ನು ಕೊಡುವಂತಿಲ್ಲ. ಎಂದರೆ, ಖೋಟಾ ನೋಟು ಎಷ್ಟು ಕೈ ದಾಟಿ ಬಂದಿದ್ದರೂ ಅದರ ನಷ್ಟ ಕೊನೆಯ ಕೈಗೆ ಸೇರಿದ್ದು. ಆ ಕೊನೆಯ ಕೈ ಬಹುಮಟ್ಟಿಗೆ ಪರೀಕ್ಷಾಯಂತ್ರವಿಲ್ಲದವನ ಕೈ. ಆದುದರಿಂದ ಯಂತ್ರದ ನೆರವಿಲ್ಲದೆ, ಬೆರಳು ಮತ್ತು ಕಣ್ಣುಗಳಿಂದಲೇ ತಿಳಿಯಬಲ್ಲ ಗುರುತುಗಳಿಗೆ ವಿಶೇಷವಾದ ಮಹತ್ತ್ವವಿದೆ. ಇಂಥ ಗುರುತುಗಳಲ್ಲಿ ಮುಖ್ಯವಾದ ಉಬ್ಬುಮುದ್ರೆಯು ಹೇಗೆ ಹುಟ್ಟುತ್ತದೆ, ಬೆಳಕಿನಲ್ಲಿ ಹೇಗೆ ವರ್ತಿಸುತ್ತದೆ, ಅದರ ರಕ್ಷಣೆಯ ಎಲ್ಲೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

೨. ಹಿಂದಿನವರ ಉಬ್ಬುಮುದ್ರೆ

ಪತ್ರಕ್ಕೆ ಉಬ್ಬಿದ ಮುದ್ರೆಯನ್ನು ಹಾಕಿ ಅದರ ನೈಜತೆಯನ್ನು ಕಾಯುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಕೋಲಾರವು ಗಂಗರಸರ ಮೊದಲ ರಾಜಧಾನಿಯಾಗಿದ್ದ ಊರು. ಅವರು ತಮ್ಮನ್ನು ಕುವಳಾಲಪುರದ ಒಡೆಯರೆಂದೇ ಕರೆದುಕೊಂಡರು. ಭೂಮಿಯನ್ನು ದಾನ ಕೊಟ್ಟಾಗ ಅದರ ವಿವರವನ್ನು ತಾಮ್ರದ ಹಲಗೆಗಳ ಮೇಲೆ ಕೊರೆಯಿಸಿ, ಹಲಗೆಗಳ ರಂಧ್ರದಲ್ಲಿ ಒಂದು ಬಳೆಯನ್ನು ತೂರಿಸಿ, ಆ ಬಳೆಯ ಎರಡು ತುದಿಗಳನ್ನು ರಾಜಮುದ್ರೆಯೊಳಗೆ ಬೆಸೆಯುತ್ತಿದ್ದರು. ಗಂಗರ ಮುದ್ರೆಯಲ್ಲಿ ಆನೆಯೂ ಬಾದಾಮಿ ಚಾಳುಕ್ಯರ ಮುದ್ರೆಯಲ್ಲಿ ವರಾಹವೂ ಉಬ್ಬಾಗಿ ಮೂಡಿರುತ್ತವೆ. ಬಳೆಯನ್ನು ಕತ್ತರಿಸದೆ ನಡುವಿನ ಹಲಗೆಯನ್ನು ಬದಲಿಸುವಂತಿಲ್ಲ. ಕತ್ತರಿಸಿದರೆ ಗಾಯ ಮರೆಯಾಗದು. ಹಲಗೆಗಳ ಅಂಚನ್ನು ತುಸು ಎತ್ತರಿಸಿ, ಒಳಗಿನ ಅಕ್ಷರ ಉಜ್ಜಿಹೋಗದಂತೆ ಮಾಡುತ್ತಿದ್ದುದೂ ಉಂಟು.

ಇಷ್ಟಾದರೂ ಕೃತಕ ಶಾಸನಗಳು ಹುಟ್ಟದೆ ಇರಲಿಲ್ಲ. ಗಂಗರ ಹೆಸರಿನ ಹಲವು ತಾಮ್ರಶಾಸನಗಳು ಅನಂತರದ ಕಾಲದ ಕೃತಕ ರಚನೆಗಳೆಂದು ಜೆ. ಎಫ್. ಫ್ಲೀಟ್ ಅವರು ವಾದಿಸಿದುದನ್ನೂ, ಕೋಲಾರ ಜಿಲ್ಲೆಯ ಶಾಸನಗಳ ಸಂಪುಟವನ್ನು ೧೯೦೫ರಲ್ಲಿ ಪ್ರಕಟಿಸಿದ ಬಿ. ಎಲ್. ರೈಸ್ ಅವರು ಗಂಗ ಶಾಸನಗಳ ಪರವಾಗಿ ನಿಂತುದನ್ನೂ ಚರಿತ್ರೆಯ ಅಭ್ಯಾಸಿಗಳು ಬಲ್ಲರು. ಆ ವಾದದಲ್ಲಿ ನಾವಿಲ್ಲಿ ಪ್ರವೇಶಿಸುವುದಿಲ್ಲ. ನಮಗೆ ಬೇಕಾದ ಅಂಶ ಇಷ್ಟೆ: ಮುದ್ರೆಯೊಂದೇ ಸಾಕ್ಷಿಯಾಗಲಾರದೆಂದು ಕಂಡುಕೊಂಡ ವಿದ್ವಾಂಸರು ಲಿಪಿ, ಭಾಷೆ, ತಿಥಿವಾರಗಳ ಲೆಕ್ಕ ಇವೆಲ್ಲವನ್ನೂ ಕೂಡಿಸಿ ನೋಡಬೇಕಾಯಿತು. ಒಂದು ಗುರುತನ್ನು ಇನ್ನೊಂದು ಗುರುತಿನಿಂದ ಒರೆಗೆ ಹಚ್ಚುವ ಈ ಕ್ರಮವೇ ಇಂದಿನ ನೋಟಿನ ಪರೀಕ್ಷೆಗೂ ಅನ್ವಯಿಸುತ್ತದೆ.

೩. ಉಬ್ಬುಗೆರೆ ಹುಟ್ಟುವ ಬಗೆ

ಸಾಧಾರಣವಾದ ಮುದ್ರಣದಲ್ಲಿ ಶಾಯಿಯು ಕಾಗದದ ಮೇಲೆ ತೆಳುವಾದ ಒಂದು ಪೊರೆಯಾಗಿ ಕೂರುತ್ತದೆ. ಬೆರಳಿಗೆ ಏನೂ ತಿಳಿಯುವುದಿಲ್ಲ. ನೋಟಿನ ಮುಖ್ಯ ಭಾಗಗಳನ್ನು ಮುದ್ರಿಸುವ ವಿಧಾನ ಬೇರೆ. ಅದಕ್ಕೆ ಇಂಟಾಗ್ಲಿಯೊ ಎಂದು ಹೆಸರು. ಇದರಲ್ಲಿ ಲೋಹದ ಫಲಕದ ಮೇಲೆ ಚಿತ್ರದ ಗೆರೆಗಳನ್ನು ತಗ್ಗಾಗಿ ಕೊರೆದಿರುತ್ತಾರೆ. ಫಲಕಕ್ಕೆ ಗಟ್ಟಿಯಾದ ಶಾಯಿಯನ್ನು ಬಳಿದು, ಮೇಲ್ಮೈಯನ್ನು ಒರೆಸಿಬಿಟ್ಟರೆ, ಶಾಯಿ ತಗ್ಗುಗಳಲ್ಲಿ ಮಾತ್ರ ಉಳಿಯುತ್ತದೆ. ಅನಂತರ ಕಾಗದವನ್ನು ಬಹಳ ಒತ್ತಡದಿಂದ ಫಲಕಕ್ಕೆ ಅದುಮಲಾಗುತ್ತದೆ. ಆಗ ಕಾಗದವೇ ತಗ್ಗಿನೊಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಹೀಗೆ ಮೂಡಿದ ಗೆರೆಯಲ್ಲಿ ಎರಡು ಉಬ್ಬುಗಳು ಸೇರಿವೆ: ಒಂದು ಕಾಗದದ ಉಬ್ಬು, ಮತ್ತೊಂದು ಅದರ ಮೇಲಿನ ಶಾಯಿಯ ಉಬ್ಬು. ಒಟ್ಟು ಎತ್ತರ ಒಂದು ಮಿಲಿಮೀಟರಿನ ನೂರನೆಯ ಕೆಲವು ಭಾಗಗಳು ಮಾತ್ರ. ಆದರೂ ಬೆರಳ ತುದಿಗೆ ಅದು ಸ್ಪಷ್ಟವಾಗಿ ತಿಳಿಯುತ್ತದೆ. ಶಾಯಿಯನ್ನು ಹಾಕದೆ ಕಾಗದವನ್ನಷ್ಟೇ ಉಬ್ಬಿಸುವುದೂ ಉಂಟು. ಇದನ್ನು ಒಣ ಉಬ್ಬು ಎನ್ನಬಹುದು.

ನಮ್ಮ ನೋಟುಗಳಲ್ಲಿ ೧೦೦ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯವುಗಳಲ್ಲಿ ಈ ಉಬ್ಬುಮುದ್ರಣವನ್ನು ಕಾಣಬಹುದು. ೨೦೧೬ರಿಂದ ಹೊರಬಂದ ಹೊಸ ಶ್ರೇಣಿಯಲ್ಲಿ ಮಹಾತ್ಮ ಗಾಂಧಿಯವರ ಭಾವಚಿತ್ರ, ಅಶೋಕಸ್ತಂಭದ ಲಾಂಛನ, ಅಂಧರಿಗಾಗಿ ಇಟ್ಟಿರುವ ಗುರುತು, ಎಡಬಲ ಅಂಚುಗಳ ಓರೆಗೆರೆಗಳು ಇವೆಲ್ಲವೂ ಉಬ್ಬಾಗಿವೆ. ೧೦೦ರ ನೋಟಿಗೆ ತ್ರಿಕೋಣದ ಗುರುತೂ ನಾಲ್ಕು ಓರೆಗೆರೆಗಳೂ, ೫೦೦ರ ನೋಟಿಗೆ ವೃತ್ತದ ಗುರುತೂ ಐದು ಓರೆಗೆರೆಗಳೂ ಇವೆ.

ಇಂಥ ಕೆಲಸ ನಮ್ಮ ರಾಜ್ಯದಲ್ಲಿಯೂ ನಡೆಯುತ್ತದೆ ಎಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ. ರಿಸರ್ವ್ ಬ್ಯಾಂಕಿನ ಅಧೀನವಾಗಿ ೧೯೯೫ರಲ್ಲಿ ಸ್ಥಾಪಿತವಾದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಸಂಸ್ಥೆಯ ಎರಡು ಮುದ್ರಣಾಲಯಗಳಲ್ಲಿ ಒಂದು ಮೈಸೂರಿನಲ್ಲಿದೆ. ಮತ್ತೊಂದು ಪಶ್ಚಿಮ ಬಂಗಾಳದ ಸಾಲ್ಬೊನಿಯಲ್ಲಿದೆ. ನೋಟಿನ ಕಾಗದವನ್ನು ತಯಾರಿಸುವ ಕಾರ್ಖಾನೆಯೂ ಮೈಸೂರಿನಲ್ಲಿದೆ. ೨೦೨೨ರಲ್ಲಿ ಅಲ್ಲಿಯೇ ‘ವರ್ಣಿಕಾ’ ಎಂಬ ಶಾಯಿಯ ಘಟಕ ರಾಷ್ಟ್ರಕ್ಕೆ ಸಮರ್ಪಿತವಾಯಿತು; ಓರೆ ಮಾಡಿದಾಗ ಬಣ್ಣ ಬದಲಿಸುವ ಉಬ್ಬುಮುದ್ರಣದ ಶಾಯಿಯನ್ನೂ ಅಲ್ಲಿ ತಯಾರಿಸುತ್ತಾರೆ. ಕಾಗದ, ಶಾಯಿ, ಅಚ್ಚು ಮೂರೂ ಒಂದೇ ಊರಿನಲ್ಲಿ ಕೂಡಿಬಂದಿವೆ.

೪. ಓರೆನೋಟದಲ್ಲಿ ಅಡಗಿದ ಚಿತ್ರ

ಉಬ್ಬುಗೆರೆ ಬೆರಳಿಗೆ ಮಾತ್ರವಲ್ಲದೆ ಕಣ್ಣಿಗೂ ಸಾಕ್ಷಿ ಹೇಳಬಲ್ಲುದು. ಇದರ ತತ್ತ್ವವನ್ನು ತಿಳಿಯಲು ಬೈರಕೂರಿನ ಕಡೆಯ ಒಂದು ರಾಗಿ ಹೊಲವನ್ನು ಮನಸ್ಸಿಗೆ ತಂದುಕೊಳ್ಳೋಣ. ಕೂರಿಗೆಯಿಂದ ಸಾಲುಸಾಲಾಗಿ ಬಿತ್ತಿದ ಪೈರು ಒಂದು ಗೇಣು ಬೆಳೆದಿದೆ. ಸಾಲುಗಳ ನಡುವೆ ಕೆಂಪು ಮಣ್ಣು ಕಾಣುತ್ತಿದೆ. ಬದುವಿನ ಮೇಲೆ ಕುಳಿತು ಸಾಲುಗಳ ಉದ್ದಕ್ಕೆ ನೋಡಿದರೆ ಪೈರಿನ ಹಸುರೂ ನಡುವಣ ಮಣ್ಣಿನ ಕೆಂಪೂ ಪಟ್ಟೆಪಟ್ಟೆಯಾಗಿ ದೂರದವರೆಗೆ ಕಾಣುತ್ತವೆ. ಅದೇ ಹೊಲವನ್ನು ಮತ್ತೊಂದು ಬದುವಿನಿಂದ ಸಾಲುಗಳಿಗೆ ಅಡ್ಡಲಾಗಿ ನೋಡಿದರೆ, ಮುಂದಿನ ಸಾಲು ಹಿಂದಿನ ಮಣ್ಣನ್ನು ಮರೆಮಾಡುವುದರಿಂದ, ಹೊಲವೆಲ್ಲ ಒಂದೇ ಹಸುರಾಗಿ ತೋರುತ್ತದೆ. ಮೇಲಿನಿಂದ ನೇರವಾಗಿ ನೋಡುವ ಹಕ್ಕಿಗೆ ಈ ಭೇದವಿಲ್ಲ. ಯಾವ ದಿಕ್ಕಿನ ಸಾಲಾದರೂ ಹಸುರು ಕೆಂಪುಗಳ ಪ್ರಮಾಣ ಒಂದೇ.

ಈಗ ಹೊಲದ ನಡುವೆ ಒಂದು ತುಂಡು ಭೂಮಿಯಲ್ಲಿ ಮಾತ್ರ ಸಾಲುಗಳನ್ನು ಅಡ್ಡಲಾಗಿ ಬಿತ್ತಿದ್ದಾರೆಂದು ಭಾವಿಸೋಣ. ಎತ್ತರದಿಂದ ನೋಡಿದಾಗ ಸಾಲುಗಳ ದಿಕ್ಕನ್ನು ಗುರುತಿಸಲಾರದ ಕಣ್ಣಿಗೆ ಆ ತುಂಡು ಬೇರೆಯಾಗಿ ತೋರದು. ಬದುವಿನಿಂದ ಓರೆಯಾಗಿ ನೋಡಿದೊಡನೆ ಅದು ಸುತ್ತಲಿನ ಹೊಲದಿಂದ ಬೇರೆಯಾಗಿ ಎದ್ದು ಕಾಣುತ್ತದೆ.

ನೋಟಿನಲ್ಲಿ ಅಡಗಿಸಿದ ಅಂಕಿಯ ಗುಟ್ಟು ಇದೇ. ಹಿನ್ನೆಲೆಯ ಉಬ್ಬುಗೆರೆಗಳು ಒಂದು ದಿಕ್ಕಿನಲ್ಲಿಯೂ, ಅಂಕಿಯ ಒಳಗಿನ ಗೆರೆಗಳು ಅದಕ್ಕೆ ಲಂಬವಾಗಿಯೂ ಇರುತ್ತವೆ. ಗೆರೆಗಳ ದಪ್ಪ, ನಡುವಣ ಅಂತರ, ಶಾಯಿಯ ಬಣ್ಣ ಎಲ್ಲವೂ ಸಮಾನ. ನೇರವಾಗಿ ನೋಡಿದರೆ ಒಂದೇ ಬಣ್ಣದ ಪಟ್ಟಿ. ಕಣ್ಣಿನ ಮಟ್ಟಕ್ಕೆ ಎತ್ತಿ ಮಲಗಿಸಿದಂತೆ ಹಿಡಿದರೆ ಅಂಕಿ ಮೂಡುತ್ತದೆ. ೧೯೯೬ರ ಮಹಾತ್ಮ ಗಾಂಧಿ ಶ್ರೇಣಿಯ ನೋಟುಗಳಲ್ಲಿ ಭಾವಚಿತ್ರದ ಬಲಗಡೆಯ ನೇರಪಟ್ಟಿಯಲ್ಲಿ ಇಂಥ ಅಂಕಿಯಿತ್ತು. ಹೊಸ ಶ್ರೇಣಿಯ ೫೦೦ರ ನೋಟಿನಲ್ಲಿಯೂ ಅಡಗಿದ ಅಂಕಿ ಇದೆ.

ಎಷ್ಟು ಓರೆಯಾಗಿ ನೋಡಬೇಕೆಂಬುದನ್ನು ಸುಲಭವಾದ ಲೆಕ್ಕದಿಂದ ಅರಿಯಬಹುದು. ಗೆರೆಯ ಎತ್ತರ ೩೦ ಮೈಕ್ರಾನ್, ಗೆರೆಗಳ ನಡುವಣ ಬರಿಯ ಕಾಗದದ ಅಗಲ ೧೨೦ ಮೈಕ್ರಾನ್ ಎಂದು ಉದಾಹರಣೆಗಾಗಿ ಎಣಿಸೋಣ. (ಸಾವಿರ ಮೈಕ್ರಾನ್ ಕೂಡಿ ಒಂದು ಮಿಲಿಮೀಟರ್.) ಎತ್ತರವನ್ನು ಅಗಲದಿಂದ ಭಾಗಿಸಿದರೆ ಕಾಲು ಭಾಗ ಬರುತ್ತದೆ. ಕಾಲು ಭಾಗವನ್ನು ಸ್ಪರ್ಶಕವಾಗಿ ಉಳ್ಳ ಕೋಣ ಸುಮಾರು ೧೪ ಡಿಗ್ರಿ. ಆದುದರಿಂದ ದೃಷ್ಟಿಯ ರೇಖೆಯು ಕಾಗದದೊಡನೆ ೧೪ ಡಿಗ್ರಿಗಿಂತ ಕಡಿಮೆಯ ಕೋಣವನ್ನು ಮಾಡಿದಾಗ, ಅಡ್ಡಗೆರೆಗಳ ನಡುವಣ ಬಿಳಿ ಸಂಪೂರ್ಣವಾಗಿ ಮರೆಯಾಗುತ್ತದೆ. ಉದ್ದಗೆರೆಗಳ ನಡುವಣ ಬಿಳಿ ಹಾಗೆಯೇ ಉಳಿಯುತ್ತದೆ. ನೋಟನ್ನು ಅದೇ ಮಟ್ಟದಲ್ಲಿ ಕಾಲು ಸುತ್ತು ತಿರುಗಿಸಿದರೆ ಗೆರೆಗಳ ಪಾತ್ರ ಅದಲುಬದಲಾಗಿ, ಕಪ್ಪಾಗಿದ್ದ ಭಾಗ ತಿಳಿಯಾಗಿಯೂ ತಿಳಿಯಾಗಿದ್ದುದು ಕಪ್ಪಾಗಿಯೂ ತೋರಬೇಕು.

ಈ ಅದಲುಬದಲೇ ನಕಲಿಗೆ ಕಠಿಣವಾದ ಪರೀಕ್ಷೆ. ಬಣ್ಣದ ನಕಲುಯಂತ್ರವು ನೋಟನ್ನು ಮೇಲೆ ಹೇಳಿದ ಹಕ್ಕಿಯಂತೆ ನೇರವಾಗಿ ನೋಡುತ್ತದೆ. ಅದು ಬಣ್ಣವನ್ನು ಹಿಡಿಯುತ್ತದೆ, ಎತ್ತರವನ್ನು ಹಿಡಿಯದು. ಖೋಟಾಗಾರನು ಅಂಕಿಯನ್ನು ತಿಳಿಯಾದ ಬಣ್ಣದಿಂದ ಬರೆದರೆ ಅದು ಎಲ್ಲ ಕೋಣಗಳಲ್ಲಿಯೂ ಒಂದೇ ರೀತಿ ಕಾಣುತ್ತದೆ. ಮರೆಯಾಗುವುದೂ ಇಲ್ಲ, ಬದಲಾಗುವುದೂ ಇಲ್ಲ.

ಇದೇ ತತ್ತ್ವವನ್ನು ಮುಂದುವರಿಸಿ, ಮೊದಲು ಸಮತಟ್ಟಾಗಿ ಸಣ್ಣ ಬಣ್ಣದ ಗೆರೆಗಳನ್ನು ಮುದ್ರಿಸಿ, ಅನಂತರ ಅವುಗಳ ಮೇಲೆ ಒಣ ಉಬ್ಬನ್ನು ಒತ್ತುವ ವಿಧಾನವೂ ಬಳಕೆಗೆ ಬಂದಿದೆ. ಪ್ರತಿಯೊಂದು ಉಬ್ಬಿನ ಒಂದು ಮಗ್ಗುಲಲ್ಲಿ ಬಣ್ಣವೂ ಮತ್ತೊಂದು ಮಗ್ಗುಲಲ್ಲಿ ಬರಿಯ ಕಾಗದವೂ ಬರುವಂತೆ ಹೊಂದಿಸಿರುತ್ತಾರೆ. ಒಂದು ಕಡೆಯಿಂದ ನೋಡಿದವನಿಗೆ ಬಣ್ಣ, ಎದುರು ಕಡೆಯಿಂದ ನೋಡಿದವನಿಗೆ ಬಿಳಿ. ಇಲ್ಲಿ ಮುದ್ರಣದ ಗೆರೆಗೂ ಉಬ್ಬಿಗೂ ಇರುವ ಹೊಂದಿಕೆ ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ಕೆಟ್ಟುಹೋಗುತ್ತದೆ. ಉಬ್ಬನ್ನು ಒತ್ತುವುದು ಖೋಟಾಗಾರನಿಗೆ ಅಸಾಧ್ಯವಲ್ಲ. ಹಾಳೆಯಿಂದ ಹಾಳೆಗೆ ಈ ಹೊಂದಿಕೆಯನ್ನು ಕಾಪಾಡುವುದು ಬಹು ಕಷ್ಟ.

೫. ಬಣ್ಣವಿಲ್ಲದ ಬಣ್ಣ

ಗೆರೆಗಳ ಅಂತರವನ್ನು ಇನ್ನೂ ಕಿರಿದು ಮಾಡುತ್ತ ಹೋಗಿ, ಅದು ಬೆಳಕಿನ ತರಂಗದೂರಕ್ಕೆ ಸಮೀಪವಾದಾಗ, ಹೊಸದೊಂದು ಗುಣ ತೋರುತ್ತದೆ. ಆಗ ಉಬ್ಬುಗಳು ಒಂದನ್ನೊಂದು ಮರೆಮಾಡುವುದು ಮುಖ್ಯವಲ್ಲ. ಅವುಗಳಿಂದ ಚದರಿದ ಅಲೆಗಳು ಒಂದನ್ನೊಂದು ಕೂಡಿಯೋ ಕಳೆದೋ ಬಣ್ಣಗಳನ್ನು ಬೇರ್ಪಡಿಸುತ್ತವೆ. ಇದಕ್ಕೆ ವಿವರ್ತನೆಯೆಂದು ಹೆಸರು. ಗೆರೆಗಳ ಅಂತರ ಒಂದು ಮೈಕ್ರಾನ್ ಇರುವ ಮೇಲ್ಮೈಗೆ ಬಿಳಿಯ ಬೆಳಕು ನೇರವಾಗಿ ಬಿದ್ದರೆ, ನೀಲಿಯು ಸುಮಾರು ೨೭ ಡಿಗ್ರಿಯಲ್ಲಿಯೂ ಹಸುರು ೩೨ರಲ್ಲಿಯೂ ಕೆಂಪು ೪೦ರಲ್ಲಿಯೂ ಹೊರಡುತ್ತವೆ. ಕಣ್ಣಿನ ಸ್ಥಾನ ಬದಲಾದಂತೆ ಬಣ್ಣವೂ ಬದಲಾಗುತ್ತದೆ.

ಮುತ್ತಿನ ಚಿಪ್ಪಿನ ಹೊಳಪು ಒಂದು ಮಟ್ಟಿಗೆ ಇಂಥದೇ. ೧೯ನೆಯ ಶತಮಾನದ ಆದಿಯಲ್ಲಿ ಡೇವಿಡ್ ಬ್ರೂಸ್ಟರ್ ಅವರು ಚಿಪ್ಪನ್ನು ಮೇಣದ ಮೇಲೆ ಒತ್ತಿ ತೆಗೆದಾಗ, ಚಿಪ್ಪಿನ ಬಣ್ಣಗಳು ಮೇಣದಲ್ಲಿಯೂ ಮೂಡಿದುದನ್ನು ಕಂಡರು. ಚಿಪ್ಪಿನ ದ್ರವ್ಯವೇನೂ ಮೇಣಕ್ಕೆ ಬಂದಿರಲಿಲ್ಲ. ಅದರ ಮೇಲ್ಮೈಯ ಸೂಕ್ಷ್ಮವಾದ ಗೀರುಗಳ ಆಕಾರ ಮಾತ್ರ ಬಂದಿತ್ತು. ಬಣ್ಣವನ್ನು ಒತ್ತಿ ಮುದ್ರಿಸಬಹುದೆಂಬುದಕ್ಕೆ ಇದೇ ಮೊದಲ ನಿದರ್ಶನವೆನ್ನಬೇಕು. ಚಿಪ್ಪುಗಳ ಈ ವರ್ಣವೈಭವವನ್ನು ೧೯೩೦ರ ದಶಕದಲ್ಲಿ ಬೆಂಗಳೂರಿನಲ್ಲಿ ಚಂದ್ರಶೇಖರ ವೆಂಕಟರಾಮನ್ ಅವರು ವಿಸ್ತಾರವಾಗಿ ಅಭ್ಯಸಿಸಿದರು.

ಬ್ರೂಸ್ಟರ್ ಅವರ ಮೇಣದ ಅಚ್ಚಿನ ತತ್ತ್ವವೇ ಇಂದಿನ ಹೊಲೊಗ್ರಾಮಿನ ತಯಾರಿಕೆಯಲ್ಲಿದೆ. ಹೊಲೊಗ್ರಾಮಿನ ತತ್ತ್ವವನ್ನು ೧೯೪೭ರಲ್ಲಿ ಕಂಡುಹಿಡಿದ ಡೆನ್ನಿಸ್ ಗೇಬರ್ ಅವರಿಗೆ ೧೯೭೧ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ೧೯೬೦ರ ದಶಕದ ಕೊನೆಯಲ್ಲಿ ಸ್ಟೀಫನ್ ಬೆಂಟನ್ ಅವರು ಸಾಧಾರಣ ಬೆಳಕಿನಲ್ಲಿಯೂ ಕಾಣಬಲ್ಲ ಹೊಲೊಗ್ರಾಮನ್ನು ರಚಿಸಿದರು. ಅದರ ಸೂಕ್ಷ್ಮವಾದ ಉಬ್ಬುತಗ್ಗುಗಳನ್ನು ನಿಕ್ಕಲ್ ತಗಡಿಗೆ ಇಳಿಸಿಕೊಂಡು, ಆ ತಗಡನ್ನು ಬಿಸಿಯಾದ ಪ್ಲಾಸ್ಟಿಕ್ ಹಾಳೆಗೆ ಒತ್ತಿ, ಹಿಂದೆ ಅಲ್ಯುಮಿನಿಯಮ್ಮಿನ ಲೇಪವನ್ನು ಕೊಟ್ಟರೆ ಹೊಳೆಯುವ ಮುದ್ರೆ ಸಿದ್ಧವಾಗುತ್ತದೆ. ೧೯೮೮ರಲ್ಲಿ ಆಸ್ಟ್ರೇಲಿಯವು ಹೊರಡಿಸಿದ ಪ್ಲಾಸ್ಟಿಕ್ಕಿನ ಹತ್ತು ಡಾಲರಿನ ನೋಟು ಇಂಥ ವಿವರ್ತಕ ಚಿತ್ರವನ್ನು ಹೊತ್ತಿತ್ತು. ನಮ್ಮಲ್ಲಿ ಮತದಾರರ ಗುರುತಿನ ಚೀಟಿಯ ಮೇಲಿನ ಹೊಳೆಯುವ ಅಂಟುಮುದ್ರೆಯನ್ನು ಹಳ್ಳಿಯವರೆಲ್ಲರೂ ಕಂಡಿದ್ದಾರೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಹೊಳಪೇ ಸಾಕ್ಷಿಯಲ್ಲ. ಹೊಳೆಯುವ ಹಾಳೆ ಅಂಗಡಿಯಲ್ಲಿ ಸಿಗುತ್ತದೆ. ಉಡುಗೊರೆಯ ಪೊಟ್ಟಣಕ್ಕೂ ಸುತ್ತುತ್ತಾರೆ. ಯಾವ ಚಿತ್ರ ಯಾವ ಕೋಣದಲ್ಲಿ ಕಾಣಬೇಕೆಂಬುದನ್ನು ಅರಿಯದವನಿಗೆ ಎರಡೂ ಒಂದೇ.

೬. ಛಾಪಾ ಕಾಗದದ ಪಾಠ

ಅರಿಯದವನ ಮುಂದೆ ಭದ್ರತೆಯ ಗುರುತು ಹೇಗೆ ಮೂಕವಾಗುತ್ತದೆ ಎಂಬುದಕ್ಕೆ ಕರ್ನಾಟಕವೇ ದೊಡ್ಡ ನಿದರ್ಶನವನ್ನು ಕಂಡಿದೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿಯು ಖೋಟಾ ಛಾಪಾ ಕಾಗದಗಳನ್ನು ಅನೇಕ ರಾಜ್ಯಗಳಲ್ಲಿ ಹರಡಿದನು. ೨೦೦೧ರಲ್ಲಿ ಅವನ ಬಂಧನವಾಯಿತು. ೨೦೦೬ ಮತ್ತು ೨೦೦೭ರಲ್ಲಿ ನ್ಯಾಯಾಲಯಗಳು ಅವನಿಗೆ ದೀರ್ಘವಾದ ಕಾರಾಗೃಹವಾಸವನ್ನು ವಿಧಿಸಿದುವು. ೨೦೧೭ರಲ್ಲಿ ಅವನು ಬೆಂಗಳೂರಿನಲ್ಲಿ ಮೃತನಾದನು.

ಬೆಳಕಿನ ಶಾಸ್ತ್ರದ ದೃಷ್ಟಿಯಿಂದ ಈ ಪ್ರಕರಣವನ್ನು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ನೋಟು ದಿನಕ್ಕೆ ಹತ್ತು ಕೈಗಳನ್ನು ದಾಟುತ್ತದೆ. ಹತ್ತು ಜನ ಅದನ್ನು ಮುಟ್ಟಿ ನೋಡುತ್ತಾರೆ. ಛಾಪಾ ಕಾಗದವಾದರೋ ಒಮ್ಮೆ ಮಾರಾಟವಾಗಿ, ಒಮ್ಮೆ ಬರೆಯಲ್ಪಟ್ಟು, ಪೆಟ್ಟಿಗೆಯೊಳಗೆ ಸೇರಿಬಿಡುತ್ತದೆ. ಸಾಧಾರಣ ಮನುಷ್ಯನು ತನ್ನ ಆಯುಷ್ಯದಲ್ಲಿ ಅದನ್ನು ನಾಲ್ಕೈದು ಬಾರಿಗಿಂತ ಹೆಚ್ಚಾಗಿ ನೋಡುವುದಿಲ್ಲ. ನಿಜವಾದುದು ಹೇಗಿರುತ್ತದೆಂಬ ನೆನಪು ಅವನ ಬೆರಳಿಗೆ ಇಲ್ಲ. ಎಂಥ ಉತ್ತಮವಾದ ಉಬ್ಬೂ ಓರೆಚಿತ್ರವೂ ಅಲ್ಲಿ ಪ್ರಯೋಜನಕ್ಕೆ ಬಾರವು. ಅನಂತರದ ವರ್ಷಗಳಲ್ಲಿ ಬಳಕೆಗೆ ಬಂದ ಇ-ಛಾಪಾ ಪ್ರಮಾಣಪತ್ರವು ಕಾಗದದ ಲಕ್ಷಣವನ್ನು ನೆಚ್ಚದೆ, ಪ್ರತಿಯೊಂದು ಪತ್ರಕ್ಕೂ ಪ್ರತ್ಯೇಕ ಸಂಖ್ಯೆಯನ್ನು ಕೊಟ್ಟು, ಆ ಸಂಖ್ಯೆಯನ್ನು ಮೂಲ ದಾಖಲೆಯೊಡನೆ ತಾಳೆ ನೋಡುವ ಮಾರ್ಗವನ್ನು ಹಿಡಿದುದು ಇದರಿಂದ ಯುಕ್ತವಾಗಿಯೇ ಇದೆ. ಪದೇಪದೇ ಕೈ ಬದಲಾಯಿಸುವ ಪತ್ರಕ್ಕೆ ಉಬ್ಬುಮುದ್ರೆ. ಅಪರೂಪಕ್ಕೆ ಹೊರಬರುವ ಪತ್ರಕ್ಕೆ ದಾಖಲೆಯ ತಾಳೆ. ಈ ವಿಂಗಡಣೆ ಸರಿಯೆಂದು ನಮ್ಮ ಅಭಿಪ್ರಾಯ.

೭. ಪರೀಕ್ಷೆಯ ಕ್ರಮ

ಉಬ್ಬುಮುದ್ರೆಗೆ ಇನ್ನೊಂದು ಎಲ್ಲೆಯೂ ಉಂಟು. ಬೆವರು, ಮಡಿಕೆ, ಒದ್ದೆ ಇವುಗಳಿಂದ ಗೆರೆಯ ಎತ್ತರ ಕ್ರಮೇಣ ಕುಗ್ಗುತ್ತದೆ. ಮೇಲಿನ ಲೆಕ್ಕದ ೩೦ ಮೈಕ್ರಾನ್ ಸವೆದು ೧೦ ಆದರೆ, ಮರೆಯ ಕೋಣ ೧೪ ಡಿಗ್ರಿಯಿಂದ ೫ಕ್ಕಿಂತ ಕೆಳಗೆ ಇಳಿಯುತ್ತದೆ. ಅಡಗಿದ ಅಂಕಿಯನ್ನು ಕಾಣುವುದು ದುಸ್ತರವಾಗುತ್ತದೆ. ಇದರ ಕಷ್ಟ ಅಂಧರಿಗೆ ಎಲ್ಲರಿಗಿಂತ ಹೆಚ್ಚು. ಅವರಿಗಾಗಿ ರಿಸರ್ವ್ ಬ್ಯಾಂಕು ೨೦೨೦ರಲ್ಲಿ ‘ಮಣಿ’ ಎಂಬ ಮೊಬೈಲ್ ಸಾಧನವನ್ನು ಹೊರತಂದಿತು. ಆದರೆ ಅದು ನೋಟಿನ ಬೆಲೆಯನ್ನು ಹೇಳುತ್ತದೆಯೇ ಹೊರತು ನಿಜವೋ ಖೋಟಾವೋ ಎಂಬುದನ್ನು ಹೇಳುವುದಿಲ್ಲ. ಆದುದರಿಂದ ಅವರ ಪಾಲಿಗೆ ಉಬ್ಬಿನ ಬಾಳಿಕೆಯು ಮುದ್ರಣದ ಅಂದಚಂದದ ಮಾತಲ್ಲ. ದಿನದ ವ್ಯವಹಾರದ ಮಾತು.

ಹೀಗಿರುವಲ್ಲಿ, ಒಂದೇ ಗುರುತನ್ನು ನೆಚ್ಚದೆ, ಕೆಳಕಂಡ ಕ್ರಮವನ್ನು ಅನುಸರಿಸುವುದು ಯೋಗ್ಯ.

ಮೊದಲನೆಯದಾಗಿ ಮುಟ್ಟಬೇಕು. ೫೦೦ರ ನೋಟಿನ ಎಡಬಲ ಅಂಚುಗಳ ಮೇಲೆ ಹೆಬ್ಬೆರಳನ್ನು ಎಳೆದರೆ ಐದು ಓರೆಗೆರೆಗಳು ತಡೆದಂತಾಗಬೇಕು.

ಎರಡನೆಯದಾಗಿ ಓರೆ ಮಾಡಬೇಕು. ಅದೇ ನೋಟಿನ ಭದ್ರತೆಯ ಎಳೆಯೂ ಮುಂಭಾಗದಲ್ಲಿ ಬಲಗಡೆ ಕೆಳಗಿರುವ ಅಂಕಿಯೂ ಹಸುರಿನಿಂದ ನೀಲಿಗೆ ತಿರುಗಬೇಕು. ಕಣ್ಣಿನ ಮಟ್ಟದಲ್ಲಿ ಅಡಗಿದ ಅಂಕಿ ಕಾಣಬೇಕು.

ಮೂರನೆಯದಾಗಿ ಬೆಳಕಿಗೆ ಹಿಡಿಯಬೇಕು. ಕಾಗದದೊಳಗಿನ ನೀರುಗುರುತಿನಲ್ಲಿ ಗಾಂಧಿಯವರ ಮುಖವು ನೆರಳುಬೆಳಕುಗಳ ಮೃದುವಾದ ಏರಿಳಿತದಿಂದ ತೋರಬೇಕು. ಗೆರೆ ಎಳೆದಂತೆ ಇರಬಾರದು.

ಈ ಮೂರರಲ್ಲಿ ಒಂದು ಸವೆತದಿಂದ ತಪ್ಪಿದರೂ ಉಳಿದೆರಡು ಸಾಕ್ಷಿ ಹೇಳುತ್ತವೆ. ಮೂರಕ್ಕೂ ಸೇರಿ ಕಾಲು ನಿಮಿಷ ಸಾಕು. ಸಂಶಯ ಬಂದ ನೋಟನ್ನು ಕೊಡುವವನ ಎದುರಿನಲ್ಲಿಯೇ ನಿರಾಕರಿಸಬೇಕು; ಮತ್ತೊಬ್ಬರಿಗೆ ದಾಟಿಸಿಬಿಡುವುದು ಪರಿಹಾರವಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, ಖೋಟಾ ಎಂದು ತಿಳಿದೂ ನೋಟನ್ನು ಚಲಾಯಿಸುವುದು ಶಿಕ್ಷಾರ್ಹವಾದ ಅಪರಾಧ.

೮. ಉಪಸಂಹಾರ

ಮೇಲಣ ವಿವೇಚನೆಯಿಂದ ಉಬ್ಬುಮುದ್ರೆಯ ಬಲವೂ ಮಿತಿಯೂ ವ್ಯಕ್ತವಾಗಿವೆಯೆಂದು ನಂಬುತ್ತೇವೆ. ನಕಲುಯಂತ್ರಕ್ಕೆ ಕಾಣದ ಮೂರನೆಯ ಅಳತೆಯಾದ ಎತ್ತರದಲ್ಲಿ ಅದರ ಬಲವಿದೆ. ಆ ಎತ್ತರವನ್ನು ಯಾರೂ ಓದದಿದ್ದರೆ ಅದು ಇದ್ದೂ ಇಲ್ಲದಂತೆ; ಇದು ಅದರ ಮಿತಿ. ಫಲಕವನ್ನು ಕೊರೆಯುವ ಕುಶಲತೆಗೆ ನಾವು ಕೊಡುವ ಲಕ್ಷ್ಯದ ಒಂದಂಶವನ್ನಾದರೂ ಅದನ್ನು ಓದುವ ವಿದ್ಯೆಗೆ ಕೊಡಬೇಕಾಗಿದೆ. ಇದಕ್ಕೆ ಬೇಕಾದ ಉಪಕರಣವೆಂದರೆ ಒಂದು ನೋಟು ಮತ್ತು ಕಿಟಕಿಯ ಬೆಳಕು. ಪ್ರೌಢಶಾಲೆಯ ಬೆಳಕಿನ ಪಾಠದಲ್ಲಿ ಇದೊಂದು ಪ್ರಯೋಗವಾಗಿ ಸೇರಿದರೆ, ಮನೆಗೆ ಹೋದ ಹುಡುಗನೋ ಹುಡುಗಿಯೋ ಅದನ್ನು ಹಿರಿಯರಿಗೂ ತೋರಿಸಿಯಾರು. ವಡ್ಡಹಳ್ಳಿಯ ಮಂಡಿಯಲ್ಲಿ ಬೆಳಗಿನ ಹರಾಜು ಮುಗಿದು ಹಣ ಎಣಿಸಿಕೊಳ್ಳುವ ಬೈರಕೂರಿನ ರೈತನಿಗೆ, ತನ್ನ ಹೊಲದ ಸಾಲುಗಳನ್ನು ಬದುವಿನಿಂದ ನೋಡಿ ಪಳಗಿದ ಕಣ್ಣು ಈಗಾಗಲೇ ಇದೆ. ಆ ಕಣ್ಣನ್ನು ಕೈಯಲ್ಲಿನ ಕಾಗದದ ಕಡೆಗೂ ತಿರುಗಿಸುವುದಷ್ಟೇ ಉಳಿದಿರುವ ಕೆಲಸ.